ಮೌಖಿಕ, ಮೂರನೇ ಪ್ರಶ್ನೆ

ಮಲ್ಲೇಶ್ವರ, ಎರಡನೇ ಮಹಡಿ. ಏಪ್ರಿಲ್ಲು.
ಟೇಪಿನಲ್ಲಿ ಕೇಳುತ್ತದೆಂದು ಫ್ಯಾನು ಆರಿಸಿದ್ದೇವೆ.
ಮೇಜಿನ ಮೇಲೆ ರೆಕಾರ್ಡರಿನ ಕೆಂಪು ಚುಕ್ಕೆ,
ನನ್ನ ಕೈಯಲ್ಲಿ ಅಂಕಪಟ್ಟಿ, ಐದು ಮನೆ:
ಉಚ್ಚಾರಣೆ, ಪದಸಂಪತ್ತು, ವ್ಯಾಕರಣ, ನಿರರ್ಗಳತೆ,
ಸಂದರ್ಭೋಚಿತತೆ.
ಕೊನೆಯದನ್ನು ನಾನೇ ಸಲೀಸಾಗಿ ಅನ್ನಲಾರೆ.

ಅಭ್ಯರ್ಥಿ ನಾನೂರ ಹದಿನೇಳು.
ಹೆಸರು ಕೇಳಕೂಡದು,
ಕೇಳಿದರೆ ಕಿವಿ ಪಕ್ಷ ವಹಿಸುತ್ತದಂತೆ.
ಕೊರಳ ಬಿಲ್ಲೆ ಮಾತ್ರ ತಿರುಗಿ ತಿರುಗಿ ಹೇಳುತ್ತಿತ್ತು:
ಬಿಮೋಲಾ, ನರ್ಸು.
ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಾಳೆಂದು ಕಣ್ಣು ಹೇಳಿತು.
ಕಣ್ಣಿಗೆ ಅಂಕವಿಲ್ಲ.

ಮೂರನೇ ಪ್ರಶ್ನೆ, ಪಾತ್ರಾಭಿನಯ:
'ಆಪರೇಷನ್ ನಾಳೆಗೆ ಹೋಗಿದೆ. ಕಾದು ನಿಂತಿರುವ
ರೋಗಿಯ ಹೆಂಡತಿಗೆ ತಿಳಿಸಿ. ಎರಡು ನಿಮಿಷ.'
ಹೆಂಡತಿ ನಾನು. ಎದ್ದು ನಿಂತೆ.
ಬೆಳಗಿನಿಂದ ಇದು ಹನ್ನೊಂದನೇ ಸಲ.
ಹತ್ತು ಜನ ನೆಟ್ಟಗೆ ಸುದ್ದಿ ಒಪ್ಪಿಸಿ,
ಕ್ರಿಯಾಪದವನ್ನು ಅದರ ಜಾಗದಲ್ಲಿ ಇಟ್ಟು,
ಧನ್ಯವಾದ ಹೇಳಿ ಹೋಗಿದ್ದರು.

ಇವಳು ಸುಮ್ಮನಿದ್ದಳು.
ಗಡಿಯಾರ ನೋಡಿದೆ: ಏಳು ಸೆಕೆಂಡು.
ಐದು ದಾಟಿದರೆ ತಡವರಿಕೆ, ಒಂದಂಕ ಕಡಿತ.
ಆ ಏಳರಲ್ಲಿ ಅವಳು ಪದ ಹುಡುಕುತ್ತಿರಲಿಲ್ಲ,
ನನ್ನ ಮುಖ ನೋಡುತ್ತಿದ್ದಳು.
ಆಮೇಲೆ ಅಂದಳು:
'ಅಮ್ಮಾ, ಮೊದ್ಲು ಕೂತ್ಕೊಲ್ಲಿ.
ಆಪರೇಷನ್ ಇವತ್ತಿಲ್ಲ, ನಾಲೆ.
ಅವರು ಚೆನ್ನಾಗಿದಾರೆ, ಈಗ ನೋಡಿ ಬಂದೆ.
ನೀವು ಏನಾದ್ರೂ ತಿಂದ್ರಾ?'

ಕೊಲ್ಲಿ.
ನಾಲಗೆ ಒಂದಿಷ್ಟು ಹಿಂದಕ್ಕೆ ಮಡಚದಿದ್ದರೆ
ಕನ್ನಡದಲ್ಲಿ ಕೂರಿಸುವ ಮಾತೇ ಕೊಲೆಯಾಗುತ್ತದೆ,
ಹಳ್ಳಿಯವಳು ಹಲ್ಲಿಯವಳಾಗುತ್ತಾಳೆ,
ನಾಳೆಯೆಂಬುದು ನಾಲೆಯಾಗಿ ಹರಿದುಹೋಗುತ್ತದೆ.
ಳಕಾರ ದೋಷ, ಎರಡು ಸಲ, ಎಂದು ಬರೆದೆ.
ಬರೆಯುತ್ತಿರುವಾಗ ಗೊತ್ತಾಯಿತು,
ನಾನು ಕೂತಿದ್ದೆ.

ಹೊಸಕೋಟೆ ಶಾಲೆಯಲ್ಲಿ ನಾನು
ಆಲು ಅಂದವಳು, ಆವು ಅಂದವಳು.
ಹ ಬರುವ ತನಕ ಬೆಂಚಿನ ಮೇಲೆ ನಿಲ್ಲು
ಅಂದರು ರುದ್ರಾಣಿ ಟೀಚರು.
ಹೆದರಿ ಕಂಡದ್ದಕ್ಕೆಲ್ಲ ಹ ಹಚ್ಚಿದೆ:
ಹಮ್ಮ, ಹಪ್ಪ, ಹನ್ನ ಹುಂಡೆ.
ತರಗತಿ ನಕ್ಕ ಸದ್ದು ಇನ್ನೂ ಇದೆ.
ಆ ಹಕಾರವನ್ನು ಸೆರಗಿನ ಪಿನ್ನಿನ ಹಾಗೆ ಸಿಕ್ಕಿಸಿಕೊಂಡು
ಇಲ್ಲಿ ಇನ್ನೊಬ್ಬಳ ಳ ಹುಡುಕುತ್ತಿದ್ದೇನೆ.

ನಾನು ಐದಕ್ಕೆ ನಾಲ್ಕು ಕೊಟ್ಟೆ.
ಟೇಪು ಕೇಳಿದ ಹಿರೇಗೌಡರ್ ಸರ್, ಎರಡು.
ಕೆಟ್ಟವರಲ್ಲ. ಊಟವಾದ ಮೇಲೆ ಎಲ್ಲರಿಗೂ
ಅರ್ಧ ಅಂಕ ಹೆಚ್ಚು ಹಾಕುತ್ತಾರೆಂದು
ಹೋದ ವರ್ಷದ ಲೆಕ್ಕದಲ್ಲೇ ಇದೆ.
ಇವಳ ಟೇಪು ಕೇಳಿದ್ದು ಹನ್ನೆರಡೂವರೆಗೆ.
ಅಂತರ ಒಂದು ದಾಟಿದರೆ ಮೂರನೆಯವರಿಗೆ.
ಮೂರನೆಯವರು ಮೂರು ಕೊಟ್ಟರು.
ಮೂರು ಯಾರ ಮನಸ್ಸನ್ನೂ ನೋಯಿಸುವುದಿಲ್ಲ.
ಪಾಸಾಗಲು ಮೂರೂವರೆ ಬೇಕು.

ಸಂಜೆ ಬಸ್ಸು, ಯಶವಂತಪುರದ ಕಡೆಗೆ.
ಚಟ ಹೋಗುವುದಿಲ್ಲ, ಎಲ್ಲರಿಗೂ ಅಂಕ ಹಾಕುತ್ತಿರುತ್ತೇನೆ:
ಸೊಪ್ಪಿನವಳಿಗೆ, ಆಟೋದವನಿಗೆ,
ಫೋನಿನಲ್ಲಿ ಜಗಳವಾಡುವ ಹುಡುಗಿಗೆ.
ಕಂಡಕ್ಟರು ಕೂಗಿದ:
'ಒಳಗೆ ನಡೀರಿ, ಒಳಗೆ! ಬಾಗಿಲಲ್ಲೇನು ಸಂತೆ ನಡೀತಿದ್ಯಾ?'
ಳಕಾರ ಶುದ್ಧ. ನಿರರ್ಗಳತೆ, ಐದು.
ಯಾರೂ ಒಳಗೆ ಹೋಗಲಿಲ್ಲ.

ವಾರದ ನಂತರ ಕಡತ ವಾಪಸು ಬಂತು,
ಅಂಚಿನಲ್ಲಿ ಹಿರೇಗೌಡರ್ ಸರ್ ಅವರ ದುಂಡಕ್ಷರದ ಷರಾ:
'ಮೂರನೇ ಪ್ರಶ್ನೆ, ಒಂಬತ್ತನೇ ಸೆಕೆಂಡು.
ಕುರ್ಚಿ ಕಿರುಗುಟ್ಟಿದ ಸದ್ದು.
ಧ್ವನಿಮುದ್ರಣ ದೋಷ.
ಪರೀಕ್ಷಕರು ಮುಂದೆ ಎಚ್ಚರ ವಹಿಸುವುದು.'